ಸೇವೆ ಮಾಡಲಾಗದ ಅಜ್ಜಿಗೆ ದೇವರ ಮುಂದೆ ಭಯ ಯಾಕೆ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಮ್ಮದು ಬಂಗಾರಪೇಟೆ ಹತ್ತಿರದ ಹಳ್ಳಿ, ಹಳೇ ಮೆಥೊಡಿಸ್ಟ್ ಕುಟುಂಬ. ನಮ್ಮ ಅಜ್ಜಿ ಕೈಕಾಲು ಗಟ್ಟಿ ಇರುವತನಕ ಪ್ರತಿ ಶನಿವಾರ ಚರ್ಚ್ ಗುಡಿಸಿ, ಬೆಂಚು ಒರೆಸಿ ಬರುತ್ತಿದ್ದರು. ಈಗ ಹಾಸಿಗೆ ಹಿಡಿದಿದ್ದಾರೆ. ಈಚೆಗೆ ಒಬ್ಬ ಬೋಧಕರು ಬೈಬಲಿನ ಯಾಕೋಬ 2:24 ಓದಿ, ಕ್ರಿಯೆ ಇಲ್ಲದಿದ್ದರೆ ರಕ್ಷಣೆ ಇಲ್ಲ ಎಂದರಂತೆ. ಅದನ್ನು ಮೊಬೈಲಿನಲ್ಲಿ ಕೇಳಿದಾಗಿನಿಂದ ಅಜ್ಜಿ, ‘ಸ್ವಾಮಿ ಮುಂದೆ ನಾನು ಏನಂತ ತೋರಿಸಲಿ’ ಎಂದು ಅಳುತ್ತಾರೆ. ರೋಮಾಪುರ 3:28ರಲ್ಲಿ ಕ್ರಿಯೆ ಇಲ್ಲದೆ ನಂಬಿಕೆಯಿಂದ ಎಂದಿದೆ ಅಲ್ವಾ? ಯಾವುದು ಸರಿ?

ಉತ್ತರ: ಎರಡೂ ಸರಿ. ಆದರೆ ಮೊದಲು ಅಜ್ಜಿಗೆ ಒಂದು ಮಾತು ಹೇಳಿ. ಅವರು ಏನನ್ನೂ ತೋರಿಸಬೇಕಾಗಿಲ್ಲ. ತೋರಿಸಬೇಕಾದದ್ದನ್ನೆಲ್ಲ ಕ್ರಿಸ್ತನು ಅವರ ಪರವಾಗಿ ತೋರಿಸಿಯಾಗಿದೆ.

ಈಗ ಆ ಎರಡು ವಚನಗಳಿಗೆ ಬರೋಣ. ರೋಮಾಪುರದವರಿಗೆ ಪತ್ರ ಬರೆದ ಪೌಲ, ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಅವನ ಬದುಕಿನ ಬೇರೆ ಬೇರೆ ದಿನಗಳನ್ನು ಎತ್ತಿಕೊಳ್ಳುತ್ತಾರೆ. ಪೌಲ ಮುಖ್ಯವಾಗಿ ಹಿಡಿಯುವುದು ಆದಿಕಾಂಡ 15ನೇ ಅಧ್ಯಾಯ. ಅಲ್ಲಿ ಅಬ್ರಹಾಮನ ಕೈಯಲ್ಲಿ ಏನೂ ಇಲ್ಲ. ಮಕ್ಕಳಿಲ್ಲ, ವಯಸ್ಸಾಗಿದೆ. ನಕ್ಷತ್ರ ನೋಡು ಎಂದ ದೇವರ ಮಾತನ್ನು ನಂಬಿದ, ಅಷ್ಟೇ. ಆಗಲೇ ದೇವರು ಅವನನ್ನು ನೀತಿವಂತನೆಂದು ಎಣಿಸಿದರು. ಯಾಕೋಬ ಹೇಳುವುದು 22ನೇ ಅಧ್ಯಾಯದ ಮಾತು, ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸಿದ ದಿನ. ನಡುವೆ ಎಷ್ಟು ಕಾಲ ಹೋಯಿತು, ಲೆಕ್ಕ ಹಾಕಿ. ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಇಸಾಕ ಹುಟ್ಟಿದಾಗ 100. 15ನೇ ಅಧ್ಯಾಯ ಇಷ್ಮಾಯೇಲನಿಗಿಂತಲೂ ಮುಂಚಿನದು. ಅಂದರೆ ಬಲಿಪೀಠದ ಮೇಲೆ ಮಲಗಬೇಕಾದ ಹುಡುಗ ಹುಟ್ಟುವುದಕ್ಕೂ 14 ವರ್ಷಕ್ಕಿಂತ ಮೊದಲೇ ತೀರ್ಪು ಬಂದಿತ್ತು! ಆಮೇಲಿನ ಕ್ರಿಯೆ ಆ ತೀರ್ಪನ್ನು ತರಲಿಲ್ಲ, ಅದು ನಿಜವೆಂದು ಎಲ್ಲರೆದುರು ತೋರಿಸಿತು.

ಯಾಕೋಬ ಗದರಿಸುವುದು ಯಾರನ್ನು? ಬಟ್ಟೆಯಿಲ್ಲದೆ, ಹೊಟ್ಟೆಗಿಲ್ಲದೆ ನಿಂತವರಿಗೆ ‘ಹೋಗಿ, ಬೆಚ್ಚಗಿರಿ’ ಎಂದು ಬಾಯಿಮಾತು ಹೇಳಿ ಕಳಿಸುವವರನ್ನು. ಕೈಲಾಗಿಯೂ ಕೈ ಚಾಚದವರನ್ನು. ದೆವ್ವಗಳೂ ನಂಬುತ್ತವೆ, ನಡುಗುತ್ತವೆ ಎಂದು ಅವನು ಖಾರವಾಗಿ ಹೇಳುವುದು ಅದಕ್ಕೇ. ಆ ಮಾತನ್ನು ಹಾಸಿಗೆ ಹಿಡಿದ ಮುದುಕಿಯ ಮೇಲೆ ಹೊರಿಸುವುದು ದೊಡ್ಡ ತಪ್ಪು. ಸಭಾ ಸುಧಾರಕ ಮಾರ್ಟಿನ್ ಲೂಥರ್ 1522ರಲ್ಲಿ ಯಾಕೋಬನ ಈ ಪತ್ರಿಕೆಯನ್ನು, ಅಂದರೆ ಪತ್ರವನ್ನು, ತೂಕವಿಲ್ಲದ ‘ಹುಲ್ಲಿನ ಪತ್ರಿಕೆ’ ಎಂದು ಕರೆದರು. ಅದನ್ನು ನಾನು ಒಪ್ಪುವುದಿಲ್ಲ. ಸೋಮಾರಿ ನಂಬಿಕೆಗೆ ಯಾಕೋಬನಂಥವನು ಬೇಕೇ ಬೇಕು.

ಮಗುವನ್ನು ದತ್ತು ತಗೊಂಡ ಮನೆಯನ್ನು ನೋಡಿ. ಇದು ಪೌಲನೇ ರೋಮಾಪುರ 8ರಲ್ಲಿ ಬಳಸುವ ಚಿತ್ರ. ಮೊದಲು ಹೆಸರು ಸೇರುತ್ತೆ, ಆಮೇಲೆ ಮಗು ಮನೆಯ ರೀತಿ ಕಲಿಯುತ್ತೆ. ಕಸ ಗುಡಿಸಿದ್ದಕ್ಕೆ ಯಾರೂ ಮಗಳಾಗುವುದಿಲ್ಲ. ಮಗಳಾದ್ದರಿಂದ ಗುಡಿಸುತ್ತಾಳೆ. ಮೊದಲನೆಯದಕ್ಕೆ, ಅಂದರೆ ದೇವರು ನಮ್ಮನ್ನು ನೀತಿವಂತರೆಂದು ಎಣಿಸುವುದಕ್ಕೆ, ನೀತೀಕರಣ; ಎರಡನೆಯದಕ್ಕೆ, ಅಂದರೆ ಆಮೇಲೆ ನಮ್ಮ ನಡತೆ ಬದಲಾಗುವುದಕ್ಕೆ, ಪವಿತ್ರೀಕರಣ ಎನ್ನುತ್ತೇವೆ. ಇವೆರಡನ್ನು ಬೇರೆ ಮಾಡಲಾಗದು, ಆದರೆ ಕಲಸಿಬಿಡಲೂಬಾರದು ಎಂಬುದರಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಬಹಳ ಗಟ್ಟಿ. ಕಲಸಿದರೆ ಅಜ್ಜಿಯಂಥವರು ಅಳುತ್ತಾರೆ. ಬೇರೆ ಮಾಡಿದರೆ ನಮ್ಮಂಥವರು ಸುಮ್ನೆ ಕೂರುತ್ತೇವೆ.

ನಿಮ್ಮ ಸಭೆಯ ಮೂಲಪುರುಷರಾದ ಜಾನ್ ವೆಸ್ಲಿಯವರಿಗೂ ಇದೇ ಭಯವಿತ್ತು. ಅವರು ಉಪವಾಸ ಮಾಡಿದರು, ಜೈಲಿನ ಕೈದಿಗಳನ್ನು ನೋಡಿದರು, ಸಮುದ್ರ ದಾಟಿ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿಬಂದರು. ಸಮಾಧಾನ ಮಾತ್ರ ಸಿಗಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ಮನಸ್ಸಿಲ್ಲದೆ ಹೋದರು. ರೋಮಾಪುರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದರು. ಅದನ್ನು ಕೇಳುತ್ತಿದ್ದಂತೆ ತಮ್ಮ ಹೃದಯ ಬೆಚ್ಚಗಾಯಿತು, ಕ್ರಿಸ್ತನೊಬ್ಬನನ್ನೇ ನಂಬಿದ್ದೇನೆ ಎಂಬ ಭರವಸೆ ಬಂತು ಎಂದು ದಿನಚರಿಯಲ್ಲಿ ಬರೆದಿದ್ದಾರೆ. ಆಗ ಅವರಿಗೆ 34 ವರ್ಷ. ಆಮೇಲೇನು ಕೈ ಕಟ್ಟಿ ಕೂತರೇ? 1791ರಲ್ಲಿ ತೀರಿಕೊಳ್ಳುವತನಕ ದುಡಿದರು, ಆದರೆ ಭಯದಿಂದಲ್ಲ.

ಅಜ್ಜಿ ಮುಂದೆ, ‘ನನ್ನ ನಂಬಿಕೆಯೂ ಸಾಲದೇನೋ’ ಎನ್ನಬಹುದು. ಇದು ಇನ್ನೂ ಒಳಗಿನ ಭಯ. ನಂಬಿಕೆಯನ್ನೇ ಒಂದು ಕ್ರಿಯೆ ಮಾಡಿಕೊಂಡು ಅದನ್ನು ತೂಗುತ್ತಾ ಕೂರುವುದು. ರಕ್ಷಿಸುವವನು ಕ್ರಿಸ್ತ, ನಮ್ಮ ನಂಬಿಕೆಯ ತೂಕವಲ್ಲ. ಶಿಲುಬೆಯ ಮೇಲಿದ್ದ ಕಳ್ಳನಿಗೆ ದೀಕ್ಷಾಸ್ನಾನವಿಲ್ಲ, ಸೇವೆಯಿಲ್ಲ, ಕಾಣಿಕೆಯಿಲ್ಲ. ‘ನನ್ನನ್ನು ನೆನಸಿಕೋ’ ಎಂದ, ಅಷ್ಟೇ. ಅವನಿಗೆ ಯೇಸು ಕೊಟ್ಟ ಉತ್ತರದಲ್ಲಿ ‘ಈಹೊತ್ತೇ’ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದಿದೆ.

ಲೂಕ 23:39ರಿಂದ 43ರವರೆಗೆ ಅಜ್ಜಿಗೆ ನಿಧಾನವಾಗಿ ಓದಿ ಹೇಳಿ. ರೋಮಾಪುರ 8:33–34 ಕೂಡ ಓದಿ. ಯಾಕೋಬನ ಪತ್ರಿಕೆಯನ್ನು ಸದ್ಯಕ್ಕೆ ನೀವು, ಮನೆಯ ಗಟ್ಟಿಮುಟ್ಟಾದವರು ಓದಿಕೊಳ್ಳಿ. ನಿಮ್ಮ ಸಭಾಪಾಲಕರಿಗೆ ಹೇಳಿ ಕರ್ತನ ಭೋಜನವನ್ನು ಮನೆಗೇ ತರಿಸಿ. ಹಾಸಿಗೆ ಹಿಡಿದವರಿಗೆ ಹಾಗೆ ಕೊಡುವ ಪದ್ಧತಿ ಇದೆ, ಕೇಳಲು ಸಂಕೋಚ ಬೇಡ.