‘ಎಣ್ಣೆ ತೀರಿದ ಹಣತೆ’ ಬರೆದವರಿಗೆ

ನಮಸ್ಕಾರ.

ನಿಮ್ಮ ‘ಎಣ್ಣೆ ತೀರಿದ ಹಣತೆ’ ತಲುಪಿತು, ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವದಿಂದ’ ಎಂದು ಎರಡು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿಮಗೆ ವಾಕ್ಯ ಕಟ್ಟಲು ಬರುತ್ತದೆ, ಅಲ್ಲಲ್ಲಿ ಕಿವಿಯೂ ಚುರುಕಾಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಓದಿ ಸಿಟ್ಟು ಬಂದರೆ ಬರಲಿ.

ನೀವು ಬರೆದಿರುವುದು ಕವಿ ಮುದ್ದಣನ ಬಗ್ಗೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಹೋದವನು. ಮನೆಯಲ್ಲಿ ಬಡತನ, ಅರ್ಧಕ್ಕೆ ನಿಂತ ಓದು, ಉಡುಪಿಯಲ್ಲಿ ಡ್ರಿಲ್ ಮಾಸ್ತರಿಕೆ, ಕೊನೆಗೆ ಕ್ಷಯ. ಇದನ್ನು ಹಿಡಿದುಕೊಂಡು ಎಂಟು ಪುಟ ಅತ್ತಿದ್ದೀರಿ. ಆ ಎಂಟು ಪುಟಗಳಲ್ಲಿ ಮುದ್ದಣ ಬರೆದ ಒಂದೇ ಒಂದು ವಾಕ್ಯವಿಲ್ಲ. ‘ಶ್ರೀರಾಮಾಶ್ವಮೇಧಂ’ ಎಂಬ ಹೆಸರು ಒಂದು ಸಲ ಬರುತ್ತದೆ, ಅದೂ ‘ನೋವಿನ ಮೂಸೆಯಲ್ಲಿ ಅರಳಿದ’ ಎಂಬ ವಿಶೇಷಣ ಹೊತ್ತುಕೊಂಡು. (ಮೂಸೆಯಲ್ಲಿ ಕರಗುತ್ತದೆ, ಅರಳುವುದಿಲ್ಲ. ಇರಲಿ.)

ಮರುಕಪಟ್ಟಿರಿ ಎಂಬುದು ನನ್ನ ತಕರಾರಲ್ಲ. ಮೂವತ್ತೊಂದಕ್ಕೆ ಹೋದವನನ್ನು ನೆನೆದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಆದರೆ ನಿಮ್ಮ ಮರುಕ ನೀವು ಅವನನ್ನು ಓದುವುದಕ್ಕೇ ಅಡ್ಡ ಬಂದಿದೆ. ಅವನ ಪುಸ್ತಕ ತೆರೆದು ನೋಡಿ. ಮಳೆಗಾಲದ ಒಂದು ಬೈಗು. ಮುದ್ದಣ ಅರಮನೆಯಿಂದ ಮನೆಗೆ ಬರುತ್ತಾನೆ. ಗಮನಿಸಿ, ಅರಮನೆಯಿಂದ. ಹೆಂಡತಿ ಮನೋರಮೆ ಕಾಲಿಗೆ ನೀರು ಕೊಡುತ್ತಾಳೆ, ಮಣೆ ಹಾಕಿ ಕೂರಿಸುತ್ತಾಳೆ, ಕಳಿತ ಹಣ್ಣು, ಕೆನೆಹಾಲು ತಂದಿಡುತ್ತಾಳೆ. ಆಮೇಲೆ ಬೇಸರ ಕಳೆಯಲು ಒಂದು ಕತೆ ಹೇಳು ಎನ್ನುತ್ತಾಳೆ. ಪದ್ಯದಲ್ಲೋ ಗದ್ಯದಲ್ಲೋ ಎಂಬ ಪ್ರಶ್ನೆ ಬಂದಾಗ ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎಂದು ಒಂದೇ ಏಟಿಗೆ ಅವಳ ತೀರ್ಪು. ಸರಿ ಎಂದು ಅವನು ‘ಸ್ವಸ್ತಿ ಶ್ರೀಮತ್ಸುರಾಸುರೇಂದ್ರ’ ಎಂದು ಉದ್ದನೆಯ ಸಂಸ್ಕೃತ ಸಮಾಸ ಎತ್ತಿಕೊಂಡರೆ ಅವಳು ತಡೆಯುತ್ತಾಳೆ: ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.’

ನನ್ನ ಮಟ್ಟಿಗೆ ಕನ್ನಡ ಕಂಡ ಒಳ್ಳೆಯ ಸಂಪಾದಕರಲ್ಲಿ ಈ ಮನೋರಮೆಯೂ ಒಬ್ಬಳು. ‘ವಿಧಿಯ ಕ್ರೂರ ಹಸ್ತಗಳು ಕನ್ನಡಾಂಬೆಯ ಮಡಿಲ ಕುಸುಮವನ್ನು’ ಎಂದು ಹೊರಡುವ ನಿಮ್ಮ ಮೊದಲ ಪ್ಯಾರಾವನ್ನು ಅವಳ ಮುಂದಿಟ್ಟಿದ್ದರೆ ಏನನ್ನುತ್ತಿದ್ದಳೋ ನೀವೇ ಊಹಿಸಿಕೊಳ್ಳಿ. (ಗಂಟಲಿನ ಈ ಮಾತನ್ನು ದಯವಿಟ್ಟು ಕ್ಷಯಕ್ಕೆ ಗಂಟುಹಾಕಬೇಡಿ. ನೀವು ಹಾಕುತ್ತೀರಿ ಎಂಬ ಅನುಮಾನ ನನಗಿದೆ.)

ಈಗ ಯೋಚಿಸಿ. ಶಾಲೆಯಲ್ಲಿ ಹುಡುಗರಿಗೆ ಕವಾಯತು ಹೇಳಿಕೊಡುವ ಮನುಷ್ಯ, ಪುಸ್ತಕದೊಳಗೆ ತನ್ನದೇ ಹೆಸರಿನವನಿಗೆ ಅರಮನೆಯ ಒಡನಾಟ ಕೊಡುತ್ತಾನೆ, ಕೆನೆಹಾಲು ಕುಡಿಸುತ್ತಾನೆ, ಹೆಂಡತಿಯಿಂದ ಗೇಲಿ ಮಾಡಿಸಿಕೊಳ್ಳುತ್ತಾನೆ. ಇದು ಆಸೆಯೋ, ತುಂಟತನವೋ, ಎರಡೂ ಬೆರೆತದ್ದೋ? ಬರೆಯಲು ಇಲ್ಲಿ ಬೇಕಾದಷ್ಟಿದೆ. ಕಷ್ಟದ ಬದುಕಿನಿಂದ ಕಷ್ಟದ ಪುಸ್ತಕವೇ ಬರಬೇಕಿತ್ತಲ್ಲ, ಈ ನಗು ಎಲ್ಲಿಂದ ಬಂತು ಎಂದು ನಿಮ್ಮ ಲೇಖನ ಕೇಳಲೇ ಇಲ್ಲ. ಅವನು ನಗುತ್ತಿದ್ದಾನೆ ಎಂಬುದೇ ನಿಮಗೆ ಕಂಡಿಲ್ಲ.

ಅವನು ಹೆಸರು ಮರೆಸಿದ ವಿಷಯಕ್ಕೆ ಬರೋಣ. ‘ಬಡತನದ ಅವಮಾನಕ್ಕೆ ಅಂಜಿ ಹೆಸರು ಬಚ್ಚಿಟ್ಟ’ ಎಂದು ಬರೆದಿದ್ದೀರಿ. ಅವನ ಎದೆಯೊಳಗೆ ಇಳಿದು ನೋಡಿದವರ ಹಾಗೆ! ಗೊತ್ತಿರುವುದಿಷ್ಟು. ಆಗ ಉಡುಪಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ರೈಲು ಇನ್ನೂ ಮಂಗಳೂರಿಗೇ ಬಂದಿರಲಿಲ್ಲ. ಹಳಗನ್ನಡ ಕಾವ್ಯಗಳನ್ನು ಅಚ್ಚು ಹಾಕುತ್ತಿದ್ದ ಪತ್ರಿಕೆ ಘಟ್ಟದ ಮೇಲೆ, ಮೈಸೂರಿನಲ್ಲಿತ್ತು. ಇವನು ತಾನೇ ಹಳಗನ್ನಡದಲ್ಲಿ ಬರೆದು, ಇದು ಹಿಂದಿನವರದ್ದು ಎಂಬಂತೆ ಅಲ್ಲಿಗೆ ಕಳಿಸಿದ. ‘ಶ್ರೀರಾಮಪಟ್ಟಾಭಿಷೇಕ’ವನ್ನಂತೂ ಮಹಾಲಕ್ಷ್ಮಿ ಎಂಬ ಕವಯಿತ್ರಿಯ ತಲೆಗೆ ಕಟ್ಟಿದ. ಅವನ ತಾಯಿಯ ಹೆಸರು ಮಹಾಲಕ್ಷ್ಮಮ್ಮ. ಅಲ್ಲಿನ ಪಂಡಿತರು ನಂಬಿದರು, ಅಚ್ಚಾಯಿತು. ಹಸ್ತಪ್ರತಿ ಬಂದು ಬೀಳುವ ಕುರ್ಚಿಯಲ್ಲಿ ಕೂತಿರುವ ನನಗೆ ಇದನ್ನು ನೆನೆದಾಗಲೆಲ್ಲ ನಗು ಬರುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ. ಅಳುಕಿನಿಂದ ಹಾಗೆ ಮಾಡಿರಬಹುದು. ಹತ್ತು ಶತಮಾನಗಳ ಕನ್ನಡ ತನ್ನ ಕೈಗೆ ಹತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳಲೂ ಮಾಡಿರಬಹುದು. ಎರಡನ್ನೂ ಓದುಗರ ಮುಂದಿಡಿ. ಬರೇ ‘ಅವಮಾನ’ ಎಂದು ಮುಗಿಸಿದರೆ ಅವನ ಜಾಣತನವನ್ನೆಲ್ಲ ಕಿತ್ತುಕೊಂಡಂತೆ.

ಮೂರನೇ ಪುಟದಲ್ಲಿ ಅವನು ಚಿಮಣಿ ದೀಪದ ಬುಡದಲ್ಲಿ ರಕ್ತ ಕೆಮ್ಮುತ್ತ ಬರೆಯುತ್ತಾನೆ. ಹಾಳೆಯ ಮೇಲೆ ಒಂದು ಹನಿ ಬೀಳುತ್ತದೆ. ಈ ಹನಿ ನಿಮಗೆ ಎಲ್ಲಿ ಸಿಕ್ಕಿತು? ಕತೆ ಬರೆಯುವುದಾದರೆ ಕತೆ ಎಂದು ಕರೆದು ಬರೆಯಿರಿ, ನನ್ನ ಅಡ್ಡಿಯಿಲ್ಲ. ಜೀವನಚಿತ್ರ ಎಂದು ತಲೆಬರಹ ಕೊಟ್ಟು ಸಿನಿಮಾ ದೃಶ್ಯ ತುರುಕಿದರೆ ಒಪ್ಪಲಾರೆ. ಎದೆಗೆ ತಾಗುವ ಸಂಗತಿಗೆ ಕಲ್ಪನೆಯೇ ಬೇಕಿಲ್ಲ. ಕಾಕ್ ಎಂಬ ಜರ್ಮನ್ ವೈದ್ಯ ಕ್ಷಯದ ರೋಗಾಣುವನ್ನು ಗುರುತಿಸಿದ್ದು 1882ರಲ್ಲಿ, ಅದನ್ನು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ಬಂದದ್ದು 1940ರ ದಶಕದಲ್ಲಿ. ಮುದ್ದಣ ಸತ್ತದ್ದು ಈ ಎರಡರ ನಡುವೆ. ರೋಗ ಯಾವುದರಿಂದ ಎಂದು ಲೋಕಕ್ಕೆ ಗೊತ್ತಿತ್ತು, ಮದ್ದು ಮಾತ್ರ ಯಾರ ಬಳಿಯೂ ಇರಲಿಲ್ಲ. ನಿಮ್ಮ ಮೂರನೇ ಪುಟದ ಬದಲು ಇಷ್ಟು ಬರೆದರೆ ಸಾಕು.

ಮುದ್ದಣನ ಹೆಂಡತಿ ಕಮಲಾಬಾಯಿಯ ಬಗ್ಗೆ ನಿಮ್ಮ ಲೇಖನದಲ್ಲಿರುವುದು ಒಂದೇ ವಾಕ್ಯ: ‘ಪತ್ನಿ ಕಂಬನಿ ಮಿಡಿದಳು.’ ಮನೋರಮೆಗೆ ಮಾದರಿ ಎಂದು ಎಲ್ಲರೂ ಹೇಳುವ ಹೆಂಗಸು ಅವರು. ಗಂಡ ಹೋದಾಗ ಎಳೆ ವಯಸ್ಸು, ಕೈಯಲ್ಲಿ ಚಿಕ್ಕ ಮಗ, ಕಾಲ 1901. ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ವಿಧವೆಯ ಬಾಳು ಎಂಥದ್ದು ಎಂದು ನಿಮಗೆ ಗೊತ್ತೇ ಇದೆ. ಪುಸ್ತಕದ ಮನೋರಮೆ ಇವತ್ತಿಗೂ ಗಂಡನನ್ನು ಗೇಲಿ ಮಾಡುತ್ತ ಕೂತಿದ್ದಾಳೆ. ಮರುಕಕ್ಕೆ ಜಾಗ ಹುಡುಕುತ್ತಿದ್ದರೆ ಇಲ್ಲಿ ಹುಡುಕಿ.

ಕೊನೆಯಲ್ಲಿ ‘ನೋವುಂಡವನೇ ನಿಜವಾದ ಕವಿ’ ಎಂದಿದ್ದೀರಿ. ಇದನ್ನು ಹೊಡೆದುಹಾಕಿ. ಮಾಸ್ತಿಯವರು ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರ ಕತೆಗಳಿಗೆ ದುಃಖ ಗೊತ್ತಿಲ್ಲ ಎನ್ನುತ್ತೀರಾ? ಬಡತನವಾಗಲಿ ಕ್ಷಯವಾಗಲಿ ಮುದ್ದಣನಿಗೆ ಒಂದು ಸಾಲನ್ನೂ ಬರೆದುಕೊಡಲಿಲ್ಲ. ಅವು ಮಾಡಿದ್ದು ಮುಂದಿನ ಮೂವತ್ತು ವರ್ಷದ ಬರಹವನ್ನು ಕಸಿದದ್ದು. ಅದಕ್ಕೆ ಸಿಟ್ಟು ಬರಬೇಕು. ನಿಮ್ಮ ಲೇಖನದಲ್ಲಿ ಸಿಟ್ಟಿಲ್ಲ, ಒಂದು ಬಗೆಯ ಮೆಚ್ಚುಗೆಯಿದೆ, ಕಷ್ಟವೂ ಒಂದು ಪದವಿ ಎಂಬಂತೆ.

ಈ ಚಾಳಿ ನಿಮ್ಮೊಬ್ಬರದೇ ಅಲ್ಲ. ಕೊಡಗಿನ ಗೌರಮ್ಮ 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು ಎಂಬುದು ಅವರ ಒಂದು ಕತೆಯನ್ನೂ ಓದದವರಿಗೆ ಗೊತ್ತು. ಭಾವಗೀತೆ ಕಾರ್ಯಕ್ರಮಗಳಲ್ಲಿ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡುವ ಮೊದಲು ನಿರೂಪಕರು ಬೇಂದ್ರೆಯವರ ಸತ್ತ ಮಗುವಿನ ಕತೆ ಹೇಳದೆ ಬಿಡುವುದಿಲ್ಲ. ತಂಬೂರಿ ಶ್ರುತಿಯಾಗುವುದರೊಳಗೆ ಸಭೆ ಕರವಸ್ತ್ರ ತೆಗೆದಾಗಿರುತ್ತದೆ. ಆಮೇಲೆ ಹಾಡು ಮಾಡಬೇಕಾದ ಕೆಲಸ ಏನೂ ಉಳಿದಿರುವುದಿಲ್ಲ.

ಬೇಂದ್ರೆ ಎಂದಾಗ ನೆನಪಾಯಿತು. ಲೇಖನದ ನೆತ್ತಿಯ ಮೇಲೆ ಅವರ ‘ಎನ್ನ ಪಾಡೆನಗಿರಲಿ’ ಎಂಬುದನ್ನು ಇಟ್ಟಿದ್ದೀರಿ. ಅದು ಅಷ್ಟಕ್ಕೆ ನಿಲ್ಲುವುದಿಲ್ಲ, ‘ಅದರ ಹಾಡನ್ನಷ್ಟೆ ನೀಡುವೆನು ರಸಿಕ ನಿನಗೆ’ ಎಂದು ಮುಂದುವರಿಯುತ್ತದೆ. ಪಾಡನ್ನು ತನ್ನಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುವ ಕವಿಯ ಅರ್ಧ ಸಾಲು ಹಿಡಿದು ಇನ್ನೊಬ್ಬನ ಪಾಡನ್ನು ಎಂಟು ಪುಟ ಹರವಿದ್ದೀರಿ.

ಲೇಖನದ ಜೊತೆಗಿದ್ದ ನಿಮ್ಮ ಪತ್ರವನ್ನೂ ಓದಿದೆ. ಕೆಲಸ ಹೋಗಿದೆ, ಮೂರು ಕಡೆಯಿಂದ ಹಸ್ತಪ್ರತಿ ವಾಪಸ್ ಬಂದಿದೆ, ಮುದ್ದಣನಂಥವರ ಬದುಕು ಓದಿದರೆ ಧೈರ್ಯ ಬರುತ್ತದೆ ಎಂದಿದ್ದೀರಿ. ಆ ಪತ್ರ ಒಂದೂವರೆ ಪುಟ, ಅದರಲ್ಲಿ ವಿಧಿಯ ಹಸ್ತವಿಲ್ಲ, ಹಣತೆಯಿಲ್ಲ. ಮನೆ ಬಾಡಿಗೆಯ ಲೆಕ್ಕವಿದೆ, ಅಂಚೆಯವನನ್ನು ಕಂಡರೆ ಒಳಗೆ ಹೋಗಿ ಅಡಗುವ ಸಂಗತಿಯಿದೆ. ಲೇಖನಕ್ಕಿಂತ ಅದೇ ಚೆನ್ನಾಗಿದೆ. ಎಂಟು ಪುಟಗಳಲ್ಲಿ ನೀವು ಅತ್ತಿರುವುದು ಬಹುಪಾಲು ನಿಮಗಾಗಿಯೇ ಎಂದು ನನ್ನ ಗುಮಾನಿ. ಅದು ತಪ್ಪೇನಲ್ಲ, ಆದರೆ ಅದಕ್ಕೆ ಮುದ್ದಣನನ್ನು ಬಳಸಿಕೊಳ್ಳಬೇಡಿ.

ಎರಡರಲ್ಲಿ ಒಂದು ಮಾಡಿ. ಆ ಪತ್ರವನ್ನೇ ಬೆಳೆಸಿ ಪ್ರಬಂಧ ಮಾಡಿ ಕಳಿಸಿ. ಇಲ್ಲವೇ ‘ಶ್ರೀರಾಮಾಶ್ವಮೇಧಂ’ ಪೂರ್ತಿ ಓದಿ, ಮುದ್ದಣ ಮನೋರಮೆಯರ ಮಾತುಕತೆ ಬರುವ ಕಡೆಗಳನ್ನಷ್ಟೇ ಆರಿಸಿಕೊಂಡು, ಸಾವಿರದ ಇನ್ನೂರು ಪದಗಳೊಳಗೆ ಬರೆಯಿರಿ. ಕ್ಷಯ ಒಂದು ವಾಕ್ಯ ಮೀರಬಾರದು. ಯಾವುದನ್ನು ಕಳಿಸಿದರೂ ಯೂನಿಕೋಡ್‌ನಲ್ಲಿರಲಿ, ಕಳೆದ ಸಲದ ಫಾಂಟ್‌ನಲ್ಲಿ ಅರ್ಕಾವೊತ್ತುಗಳೆಲ್ಲ ಹಾರಿಹೋಗಿದ್ದವು. ಹಣತೆಯ ಚಿತ್ರ ಬೇಡ.

ಇತಿ,
ಸಂಪಾದಕ