ಅಪ್ಪ ವ್ಯಾಯಾಮ ಒಲ್ಲೆ ಅಂತಾರೆ

ಪ್ರಶ್ನೆ: ಅಪ್ಪನಿಗೆ ಲಕ್ವ ಹೊಡೆದು ನಾಲ್ಕು ತಿಂಗಳು. ಬಲಗೈ ಸ್ವಲ್ಪ ಸ್ವಾಧೀನಕ್ಕೆ ಬಂದಿದೆ. ವ್ಯಾಯಾಮ ಮಾಡಿ ಎಂದರೆ ಸಿಡುಕುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ‘ವ್ಯಾಯಾಮ’ ಅನ್ನೋ ಮಾತನ್ನೇ ಬಿಟ್ಟುಬಿಡಿ ತಾಯಿ. ನಮ್ಮಮ್ಮನೂ ರಬ್ಬರ್ ಚೆಂಡು ಹಿಸುಕು ಎಂದರೆ ಮುಖ ತಿರುಗಿಸುತ್ತಿದ್ದಳು. ಒಂದು ದಿನ ಅವರೆಕಾಯಿ ಮೊರ ಮುಂದಿಟ್ಟೆ. ಮೊದಲ ದಿನ ಸುಲಿದದ್ದು ಮೂರೇ ಕಾಯಿ; ಹೆಬ್ಬೆರಳು ನಡುಗುತ್ತಾ ಸಿಪ್ಪೆ ಸೀಳಿದ್ದು ಇನ್ನೂ ಕಣ್ಣಲ್ಲಿದೆ. ವಾರದಲ್ಲಿ ಅವಳೇ ಮೊರ ಕೇಳಿದಳು. ಒಂದೇ ಕೆಲಸ ಮತ್ತೆ ಮತ್ತೆ ಮಾಡಿದರೇ ಮಿದುಳು ಅದನ್ನು ಮರಳಿ ಕಲಿಯುವುದು. ಅಪ್ಪ ಕಾಫಿಗೆ ಮುಂಚೆ ಐದು ಸಲ ಕುರ್ಚಿಯಿಂದ ಎದ್ದು ಕೂರಲಿ, ನೀವು ಪಕ್ಕದಲ್ಲೇ ಇರಿ. ಅವರ ಬಲಗೈ ಹಿಡಿದು ಮಾತ್ರ ಎಳೆಯಬೇಡಿ, ಭುಜದ ಕೀಲು ಜಾರಬಹುದು. ದಿನವಿಡೀ ಮಂಕಾಗಿದ್ದರೆ ಅದು ಹಟವಲ್ಲ, ಖಿನ್ನತೆಯಿರಬಹುದು, ವೈದ್ಯರಿಗೆ ಹೇಳಿ.