'ಮೇಕ್ ಹೇ ವೈಲ್ ದ ಸನ್ ಶೈನ್ಸ್': ಹುಲ್ಲಿನ ಮಾತಲ್ಲ ರೀ

'ಟ್ರೇಡರ್ಸ್ ಮೇಡ್ ಹೇ ವೈಲ್ ದ ಸನ್ ಶೋನ್' ಅಂದ್ರೆ ವ್ಯಾಪಾರಿಗಳು ಬಿಸಿಲಿದ್ದಾಗಲೇ ಹುಲ್ಲು ಒಣಗಿಸಿದರು ಅಂತಾನಾ ಎಂದು ಸಿಂಧನೂರಿನಿಂದ ಕೇಳಿದ್ದೀರಿ. ಅಲ್ಲ ರೀ. ರೇಟು ಚಲೋ ಇದ್ದಾಗಲೇ ಲಾಭ ಮಾಡಿಕೊಂಡರು ಅಂತ. ನಮ್ಮ 'ಗಾಳಿ ಬಂದಾಗ ತೂರಿಕೋ' ಇದಕ್ಕೆ ಸರಿಜೋಡಿ.

ಇಂಗ್ಲೆಂಡಿನಲ್ಲಿ ಮಳೆ ಯಾವಾಗ ಸುರಿಯುತ್ತದೋ ಹೇಳುವಂತಿಲ್ಲ. ಕೊಯ್ದ ಹುಲ್ಲಿಗೆ ಕೆಲವು ದಿನ ಸತತ ಬಿಸಿಲು ಬೇಕು. ಹಸಿ ಇದ್ದಾಗಲೇ ಬಣವೆ ಒಟ್ಟಿದರೆ ಬೂಷ್ಟು ಹಿಡಿಯುತ್ತದೆ, ಒಳಗೊಳಗೇ ಕಾವು ಹೆಚ್ಚಿ ಬೆಂಕಿಯೂ ಹತ್ತಬಹುದು. ಇಂಗ್ಲಿಷ್ ಬರಹಗಾರ ಜಾನ್ ಹೇವುಡ್ 1546ರಲ್ಲಿ ತಂದ ಗಾದೆ ಸಂಗ್ರಹದಲ್ಲೇ ಈ ಮಾತಿದೆ. (ರಾಯಚೂರು ಜಿಲ್ಲೆಯವರಿಗೆ ಬಿಸಿಲಿಗಾಗಿ ಕಾಯೋದು ಅಂದ್ರೆ ನಗು ಬರಬಹುದು, ಇರಲಿ.)

ಭೂತಕಾಲದಲ್ಲಿ ಎರಡೂ ಕ್ರಿಯಾಪದ ಬದಲಾಗಬೇಕು: ಮೇಡ್, ಶೋನ್. ಇಲ್ಲಿ 'ಶೈನ್ಡ್' ಬರೆಯಬೇಡಿ, ಅದು ಬೂಟಿಗೆ ಪಾಲಿಶ್ ಹಾಕಿದ್ದಕ್ಕೆ. 'ಹೇ' ಪದಕ್ಕೆ ಮುಂಚೆ 'ಎ' ಕೂಡ ಬೇಡ.

ಹೆಚ್ಚು ಮಂದಿ ಎಡವೋದು 'ಸ್ಟ್ರೈಕ್ ವೈಲ್ ದ ಐರನ್ ಈಸ್ ಹಾಟ್' (ಕಬ್ಬಿಣ ಕಾದಿರುವಾಗಲೇ ಬಡಿ) ಜೊತೆ ಬೆರೆಸಿ. ಅದು ಈಗಲೇ ಕೈಹಾಕದಿದ್ದರೆ ಹೋಯಿತು ಅನ್ನುವ ಗಳಿಗೆಗೆ. ಇದು ಕೆಲಕಾಲ ನಿಲ್ಲುವ ಅನುಕೂಲಕ್ಕೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿರುವಾಗಲೇ ನಾಟಿ ಮುಗಿಸು ಅಂದಂತೆ. ಇನ್ನೊಂದು, ಬೇರೆಯವರ ಕಷ್ಟದಲ್ಲಿ ದುಡ್ಡು ಮಾಡಿದವರ ಬಗ್ಗೆ 'ಮೇಡ್ ಹೇ' ಅಂದರೆ ಅದು ಹೊಗಳಿಕೆ ಅಲ್ಲ, ಚುಚ್ಚುಮಾತು.